ಬೇಡ ಎನ್ನುವ ಕೆಲಸ

ಜನವರಿ 12

ಮುದ್ದಿನ ಸೂಜಿಗೆ,

ನಿನ್ನ ಕಾಗದ ಮಂಗಳವಾರ ಬಂತು. ಎರಡು ಸಲ ಓದಿದೆ. ಮೊದಲನೇ ಸಲ ಅಕ್ಷರ ಬಿಡಿಸಿಕೊಳ್ಳಲಿಕ್ಕೆ, ಎರಡನೇ ಸಲ ವಿಷಯ ತಿಳಿಯಲಿಕ್ಕೆ. ಲಿಫ್ಟ್ ರಿಪೇರಿ ಮಾಡುವವಳ ಬರವಣಿಗೆ ಹೀಗೇ ಇರಬೇಕೇನೋ. ಸಾಲು ಒಂದು ಮಹಡಿಯಲ್ಲಿ ಹೊರಟು ಇನ್ನೊಂದು ಮಹಡಿಯಲ್ಲಿ ನಿಲ್ಲುತ್ತದೆ.

ಬೆಟ್ಟ ಹತ್ತಬೇಕು ಅನ್ನಿಸಿದೆ, ಯಾವ ದಾರಿ ಹಿಡಿಯಲಿ ಅತ್ತೆ ಅಂತ ಕೇಳಿದ್ದೀಯ. ಇಪ್ಪತ್ತೊಂಬತ್ತು ವರ್ಷ ಚಾರಣ ಕಚೇರಿಯ ಮೇಜಿನ ಹಿಂದೆ ಕೂತು ಕಂಡವರಿಗೆಲ್ಲ ಅದನ್ನೇ ಹೇಳಿದವಳು ನಾನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅಕ್ಷರ ದುಂಡಗಾದದ್ದೇ ಆ ದಾಖಲೆ ಪುಸ್ತಕ ಬರೆದೂ ಬರೆದೂ. ಈಗ ನನ್ನ ತಮ್ಮನ ಮಗಳೇ ಕೇಳುತ್ತಿದ್ದಾಳೆ. ಹೇಳದೆ ಇರಲಿಕ್ಕಾಗುತ್ತದೆಯೇ?

ಇಲ್ಲಿಂದ ಹೊರಡುವುದು ಮೂರು ದಾರಿ. ಕೆರೆದಾರಿ ಒಂದು ದಿನದ್ದು, ಬೆಳಗ್ಗೆ ಹೋದರೆ ಸಂಜೆಗೆ ಮನೆ. ಏಣುದಾರಿ ಮೂರು ದಿನದ್ದು, ಬೆಟ್ಟದ ಬೆನ್ನೆಲುಬಿನ ಮೇಲೆ ನಡಿಗೆ. ಮೂರನೆಯದು ಮೇಲಿನ ಕಣಿವೆ ದಾಟಿ ಆಚೆ ಕಡೆ ಇಳಿಯುವುದು. ಆರು ದಿನ, ಹಿಮ, ತೆಳು ಗಾಳಿ. ಅದರ ಮಾತು ನಮಗೆ ಬೇಡ.

ಬಂದವರೆಲ್ಲ ಮಾಡುವ ತಪ್ಪು ಒಂದೇ. ತಮ್ಮ ಒಳ್ಳೇ ದಿನದ ಲೆಕ್ಕ ಹೇಳುತ್ತಾರೆ. "ಕಾಲೇಜಲ್ಲಿ ಓಟದಲ್ಲಿ ಫಸ್ಟ್ ಬಂದಿದ್ದೆ ಮೇಡಂ" ಅನ್ನುತ್ತಿದ್ದರು, ಹೊಟ್ಟೆ ನನ್ನ ಮೇಜಿಗೆ ತಾಗಿಸಿಕೊಂಡು ನಿಂತು. "ಆ ಕಾಲು ಜೊತೇಲಿ ತಂದಿದೀರಾ?" ಅಂತ ಕೇಳುತ್ತಿದ್ದೆ. ಬೆಟ್ಟಕ್ಕೆ ಬೇಕಾದದ್ದು ನಿನ್ನ ಕೆಟ್ಟ ದಿನದ ಲೆಕ್ಕ. ನಿದ್ದೆ ಇಲ್ಲದ ಮಾರನೇ ದಿನ, ಕಾಲಿಗೆ ಬೊಬ್ಬೆ ಬಂದಾಗ, ಮಳೆಯಲ್ಲಿ ನೆಂದಾಗ ಎಷ್ಟು ನಡೆಯುತ್ತೀಯ? ಅಷ್ಟೇ ನಿನ್ನ ತಾಕತ್ತು.

ಅದಕ್ಕೇ ಒಂದು ಪರೀಕ್ಷೆ ಇಟ್ಟಿದ್ದೆ. ಹನ್ನೆರಡು ಕಿಲೋ ಮರಳಿನ ಮೂಟೆ ಬೆನ್ನಿಗೆ. ಕಚೇರಿಯ ಮೂವತ್ತೆರಡು ಮೆಟ್ಟಿಲು ಮೂರು ಸಲ ಹತ್ತಿ ಇಳಿಯುವುದು. ಇಳಿದ ತಕ್ಷಣ ಮೂಟೆ ಇಳಿಸದೆ, ಗೊತ್ತಿಲ್ಲದವರಿಗೆ ಹೇಳುವ ಹಾಗೆ ತಮ್ಮ ಮನೆಗೆ ದಾರಿ ಹೇಳಬೇಕು. ಎಡಕ್ಕೆ, ಬಲಕ್ಕೆ, ಎಷ್ಟನೇ ಬಾಗಿಲು, ಎಲ್ಲ. ನಡುವೆ ಉಸಿರಿಗೆ ನಿಂತವರಿಗೆ ಕಣಿವೆ ಇಲ್ಲ. ಎಷ್ಟು ದೊಡ್ಡ ಮನುಷ್ಯನೇ ಇರಲಿ, ಬೇಡ ಅಂದರೆ ಬೇಡ. ನನ್ನ ಕೆಲಸವೇ ಅದು, ಬೇಡ ಅನ್ನುವುದು. ಬೈಸಿಕೊಂಡಿದ್ದೇನೆ, ಶಾಪ ಹಾಕಿಸಿಕೊಂಡಿದ್ದೇನೆ.

ಈಗ ನೀನು ಬರೆ. ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲುತ್ತೀಯ? ಇಳಿಯುವಾಗ ಮಂಡಿ ಏನನ್ನುತ್ತದೆ? ಚಳಿಗೆ ಎದೆ ಹೇಗಿರುತ್ತದೆ? ಸುಳ್ಳು ಬರೆಯಬೇಡ. ಸಣ್ಣವಳಿದ್ದಾಗ ಮೈ ಸಣ್ಣ, ಮಾತು ಚೂಪು ಅಂತ ನಿನಗೆ ಸೂಜಿ ಅಂತ ಹೆಸರಿಟ್ಟವಳು ನಾನು. ಚುಚ್ಚಿದರೂ ಪರವಾಗಿಲ್ಲ, ನೇರ ಇರು.

ನಿನ್ನ ಅತ್ತೆ

ಜನವರಿ 30

ಅತ್ತೆ,

ನೇರವಾಗಿಯೇ ಬರೆಯುತ್ತೇನೆ. ಹೋದ ವಾರ ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು. ಮೋಟರು ಮೇಲಿರುತ್ತದಲ್ಲ, ಟೂಲ್ ಬ್ಯಾಗ್ ಹೊತ್ತು ಹತ್ತಿದೆ. ಒಂಬತ್ತನೇ ಮಹಡಿಯಲ್ಲಿ ನಿಂತೆ. ಒಬ್ಬ ಅಜ್ಜಿ ಬಾಗಿಲು ತೆರೆದು ನನ್ನನ್ನು ನೋಡಿ, "ಲಿಫ್ಟ್ ಸರಿ ಮಾಡೋಕ್ ಬಂದೋಳು ನೀನೇ ಕೆಟ್ಟು ನಿಂತಿದೀಯಲ್ಲೇ!" ಅಂದರು. ನೀರು ಕೊಟ್ಟರು. ಉಳಿದ ಐದನ್ನು ಒಂದೇ ಉಸಿರಿಗೆ ಹತ್ತಿದೆ. ಮಂಡಿ ಚೆನ್ನಾಗಿದೆ. ಲಿಫ್ಟ್ ಓಡಾಡುವ ಬಾವಿಯೊಳಗಿನ ಧೂಳಿಗೆ ಚಳಿಗಾಲದಲ್ಲಿ ಎದೆ ಸ್ವಲ್ಪ ಕಟ್ಟುತ್ತದೆ, ಸುಯ್ ಅಂತ ಸದ್ದಾಗುತ್ತದೆ. ನಮ್ಮ ಕೆಲಸದವರಿಗೆಲ್ಲ ಇರುವುದೇ.

ಆದರೆ ನನಗೆ ಬೇಕಾದದ್ದು ಕೆರೆದಾರಿ ಅಲ್ಲ ಅತ್ತೆ. ಮೇಲಿನ ಕಣಿವೆ.

ಅಮ್ಮ ಹೋಗಿ ವರ್ಷವಾಯಿತಲ್ಲ, ಮೊನ್ನೆ ಅವಳ ಪೆಟ್ಟಿಗೆ ತೆಗೆದೆ. ತಳದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಒಂದು ಚೀಟಿ ಸಿಕ್ಕಿತು. ಅಪ್ಪನ ಸಾಮಾನಿನ ಜೊತೆ ಬೆಟ್ಟದಿಂದ ವಾಪಸು ಬಂದದ್ದಿರಬೇಕು. "ಹನ್ನೆರಡು ಕಿಲೋ, ಮೂರು ಸಲ. ಉಸಿರು ಉತ್ತಮ. ಮೇಲಿನ ಕಣಿವೆಗೆ ಅರ್ಹ." ಕೆಳಗೆ ನಿನ್ನ ಸಹಿ. ಎಷ್ಟು ಸಲ ಬಿಡಿಸಿ ಮಡಿಸಿದ್ದಳೋ, ಮಡಿಕೆಯಲ್ಲಿ ಕಾಗದ ಕೂದಲಿನಷ್ಟು ತೆಳ್ಳಗಾಗಿದೆ. "ನಿಮ್ಮಪ್ಪ ಗಟ್ಟಿ ಆಳು ಕಣೆ, ಹಿಮ ಬೀಳದೆ ಇದ್ದಿದ್ರೆ ನಗ್ತಾ ವಾಪಸ್ ಬರ್ತಿದ್ರು" ಅಂತ ಅವಳು ಯಾವಾಗಲೂ ಹೇಳುತ್ತಿದ್ದಳು. ಅದಕ್ಕೆ ಸಾಕ್ಷಿ ಇಟ್ಟುಕೊಂಡೇ ಹೇಳುತ್ತಿದ್ದಳು ಅಂತ ಈಗ ಗೊತ್ತಾಯಿತು.

ಅಪ್ಪ ಹೋದಾಗ ನನಗೆ ಒಂಬತ್ತು, ಅವನಿಗೆ ಮೂವತ್ತನಾಲ್ಕು. ಈ ವರ್ಷ ನನಗೂ ಮೂವತ್ತನಾಲ್ಕು. ಅವನು ಇಳಿಯಲಾಗದ ಆಚೆ ಕಡೆ ನಾನು ಇಳಿಯಬೇಕು. ಅವನ ಎದೆ, ಅವನ ಕಾಲು ನನ್ನವೂ ಹೌದಲ್ಲ? ಸೆಪ್ಟೆಂಬರಿನಲ್ಲಿ ಹೋಗೋಣ ಅಂದುಕೊಂಡಿದ್ದೇನೆ.

ನಿನ್ನ ಸೂಜಿ

ಫೆಬ್ರವರಿ 11

ಸೂಜಿ,

ಕಣಿವೆ ಬೇಡ.

ಬೆಟ್ಟದಲ್ಲಿ ಒಂದು ರಾತ್ರಿಯೂ ಮಲಗದವಳು ನೀನು. ಮೇಲೆ ಹೋದಂತೆ ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ. ಅದು ಗಟ್ಟಿ ಆಳು, ಪುಕ್ಕಲು ಆಳು ಅಂತ ನೋಡಿ ಬರುವುದಲ್ಲ. ಮೊದಲು ಕೆರೆ ನೋಡಿ ಬಾ. ಅದು ಹಗುರ ಅನ್ನಿಸಿದರೆ ಮುಂದಿನ ಸಲ ಏಣುದಾರಿ. ಅಲ್ಲಿ ಮೂರನೇ ದಿನವೂ ಮುಖದಲ್ಲಿ ನಗು ಇದ್ದರೆ ಆಮೇಲೆ ಮಾತಾಡೋಣ. ಒಂದೊಂದೇ ಮೆಟ್ಟಿಲು ಹತ್ತುವವರೇ ಮೇಲೆ ಮುಟ್ಟುವುದು. ನಿನಗೆ ಲಿಫ್ಟಿನ ಅಭ್ಯಾಸ, ಒಂದು ಗುಂಡಿ ಒತ್ತಿ ಕೊನೇ ಮಹಡಿಗೆ ಹೋಗಿಬಿಡಬೇಕು.

ಎದೆಯಲ್ಲಿ ಸದ್ದು ಬರುತ್ತದೆ ಅಂತ ಬರೆದದ್ದನ್ನು ಯಾರಾದರೂ ಡಾಕ್ಟರಿಗೆ ತೋರಿಸು. ನಾಳೆಯೇ ತೋರಿಸು. ಕೆಲಸದವರಿಗೆಲ್ಲ ಇರುವುದೇ ಅಂತ ಬಿಡಬೇಡ.

ಆ ಚೀಟಿ ಇಪ್ಪತ್ತೈದು ವರ್ಷ ಹಳೆಯದು. ಅದರಲ್ಲಿ ನಿನ್ನ ಬಗ್ಗೆ ಏನೂ ಬರೆದಿಲ್ಲ. ಎಲ್ಲಿತ್ತೋ ಅಲ್ಲೇ ಇಟ್ಟುಬಿಡು.

ಇಲ್ಲಿ ಹಗಲು ಬಿಸಿಲಿದೆ. ನನ್ನ ಮಂಡಿ ನಿನ್ನ ಮಂಡಿಯಷ್ಟು ಚೆನ್ನಾಗಿಲ್ಲ. ಇನ್ನೇನೋ ಬರೆಯಬೇಕು ಅಂತ ಕೂತೆ. ಆಮೇಲೆ ಬರೆಯುತ್ತೇನೆ.

ನಿನ್ನ ಅತ್ತೆ

ಮಾರ್ಚ್ 3

ಅತ್ತೆ,

ನಿನ್ನ ಕಾಗದ ಓದಿ ಎರಡು ವಾರ ಸುಮ್ಮನಿದ್ದೆ. ಸಿಟ್ಟಲ್ಲಿ ಬರೆಯಬಾರದು ಅಂತ. ಸಿಟ್ಟು ಇಳಿಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪ ಬೆಟ್ಟದಲ್ಲಿ ಮಲಗಿದ್ದನಾ? ಅವನೂ ಛಾಪಖಾನೆಯಲ್ಲಿ ನಿಂತು ಕೆಲಸ ಮಾಡುತ್ತಿದ್ದವನು, ನೇರ ಕಣಿವೆಗೆ ಹೋದವನು. ಅವನಿಗೆ "ಅರ್ಹ" ಅಂತ ಬರೆದ ಕೈ ನನಗೆ ಕೆರೆ ನೋಡಿ ಬಾ ಅನ್ನುತ್ತಿದೆ. ತಮ್ಮನ ಮೇಲಿದ್ದ ನಂಬಿಕೆ ಅವನ ಮಗಳ ಮೇಲೆ ಯಾಕಿಲ್ಲ? ಹೆಣ್ಣು ಅಂತಲಾ? ಸಣ್ಣಗಿದ್ದೇನೆ ಅಂತಲಾ?

ಒಂದು ತಂಡದಲ್ಲಿ ಹೆಸರು ಬರೆಸಿದ್ದೇನೆ. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಹೊರಡುವುದು. ಅವರು ಹೇಳಿದರು, ಕಚೇರಿಯಲ್ಲಿ ಈಗಿನ ಗುಮಾಸ್ತರು ನಿನ್ನ ಕೈಕೆಳಗೆ ಕೆಲಸ ಕಲಿತವರಂತೆ, ನಿನ್ನ ಮಾತು ಅಲ್ಲಿ ಇವತ್ತಿಗೂ ನಡೆಯುತ್ತದಂತೆ. ಆವತ್ತು ಧೂಳಿಗೋ ಚಳಿಗೋ ನನ್ನ ಎದೆ ಕಟ್ಟಿಕೊಂಡರೆ, ಆ ಒಂದು ಬೆಳಗ್ಗೆಯಿಂದಾಗಿ ಎಲ್ಲ ಹಾಳಾಗಬಾರದು. ಅವರಿಗೆ ಒಂದು ಮಾತು ಹೇಳಿಡು ಅತ್ತೆ, ನನ್ನ ತಮ್ಮನ ಮಗಳು ಅಂತ. ಅಷ್ಟು ಸಾಕು. ಜೀವನದಲ್ಲಿ ನಿನ್ನನ್ನು ಬೇರೇನೂ ಕೇಳಿಲ್ಲ.

ಸೂಜಿ

ಮಾರ್ಚ್ 10

ಸೂಜಿ,

ಗುಮಾಸ್ತನಿಗೆ ನಾನು ಹೇಳುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ. ಅರ್ಧಕ್ಕೆ ಹರಿದು ಹಾಕಬೇಕು ಅನ್ನಿಸಿದರೆ ಹರಿ. ಆದರೆ ಕಣಿವೆಗೆ ಹೋಗಬೇಡ, ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ.

ನಿನ್ನಪ್ಪ ಮೂಟೆ ಹೊರಲಿಲ್ಲ.

ಚೀಟಿಯಲ್ಲಿರುವುದು ನಾನು ಬರೆದದ್ದು, ನಡೆದದ್ದಲ್ಲ. ಹುಟ್ಟಿದಾಗಿನಿಂದ ಅವನಿಗೆ ಉಬ್ಬಸ. ನಮ್ಮಮ್ಮ ಬೇಗ ಹೋದಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಓಡಬೇಡ, ಧೂಳಲ್ಲಿ ಆಡಬೇಡ, ತಣ್ಣೀರು ಬೇಡ. ಅವನು ನನ್ನ ಬಾಯಿಂದ ಬೇರೆ ಮಾತು ಕೇಳಿದ್ದೇ ಕಡಿಮೆ. ದೊಡ್ಡವನಾದಮೇಲೆ ಉಬ್ಬಸ ಕಡಿಮೆಯಾಯಿತು. "ಅವಳಿಗೆ ಹೇಳ್ಬೇಡ ಅಕ್ಕ, ಸುಮ್ನೆ ಹೆದರ್ಕೋತಾಳೆ" ಅಂದ, ಮದುವೆಯಲ್ಲಿ. ನಿಮ್ಮಮ್ಮನಿಗೆ ನಾನು ಹೇಳಲಿಲ್ಲ.

ಆವತ್ತು ಛಾಪಖಾನೆಯ ಎಂಟು ಜನ ಗೆಳೆಯರ ಜೊತೆ ಬಂದ. ಎಂಟೂ ಜನರಿಗೆ ಮೂಟೆ ಹೊರಿಸಿದೆ. ಒಬ್ಬ ದಪ್ಪಗಿನವನು ಮನೆ ದಾರಿ ಹೇಳುವಾಗ ಎರಡು ಕಡೆ ನಿಂತ. ಅವನಿಗೆ ಬೇಡ ಅಂದೆ. ಕೊನೆಗೆ ಇವನ ಸರದಿ. ಹೊರಗೆ ಜೀಪು ಹಾರ್ನ್ ಹೊಡೆಯುತ್ತಿತ್ತು. ಮೇಜಿನ ಮೇಲೆ ಬಗ್ಗಿ ಮೆಲ್ಲಗೆ ಹೇಳಿದ.

"ಅಕ್ಕಾ, ಎಲ್ರೆದುರಿಗೆ ಬೇಡ ಅನ್ಬೇಡ. ಇದೊಂದ್ಸಲ."

"ಮೂಟೆ ಹೊರು ಮೊದ್ಲು."

"ಹೊತ್ಮೇಲೆ ಮನೆ ದಾರಿ ತಾನೆ ಹೇಳ್ಬೇಕು? ನಮ್ಮನೆ ದಾರಿ ನಿಂಗೊತ್ತಿಲ್ವೇನೇ?" ಅಂತ ಈಗ ಜೋರಾಗಿ ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ ಸೂಜಿ. ಹುಟ್ಟಿದಾಗಿನಿಂದ ಬೇಡ ಅಂದೂ ಅಂದೂ ಸಾಕಾಗಿತ್ತು. ಒಂದೇ ಒಂದು ಸಲ ಹೂಂ ಅಂದರೆ ಇವನ ಮುಖ ಹೇಗಾಗುತ್ತದೆ ನೋಡೋಣ ಅನ್ನಿಸಿತು. ಬರೆದೆ. ಮುಖ ಹೇಗಾಯಿತು ಅಂತ ನೋಡಿದೆ. ಅದನ್ನು ಮಾತ್ರ ನಿನಗೆ ಹೇಳಲಾರೆ.

ಮೂರನೇ ದಿನ ಹಿಂದೆ ಬಿದ್ದನಂತೆ. ನೀವು ನಡೀರಿ, ಬರ್ತೀನಿ ಅಂದನಂತೆ. ಹಿಮ ಬಿದ್ದದ್ದು ಆಮೇಲೆ. ಅವನನ್ನು ಕೆಳಗೆ ತಂದವರು ಹೇಳಿದರು, ಬಂಡೆಗೆ ಒರಗಿ ಕೂತಿದ್ದ, ಅಂಥ ಚಳಿಯಲ್ಲೂ ಅಂಗಿಯ ಗುಂಡಿ ಹೊಟ್ಟೆಯ ತನಕ ಬಿಚ್ಚಿತ್ತು ಅಂತ. ಅವರಿಗೆ ವಿಚಿತ್ರ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಉಸಿರು ಸಿಗದಾಗ ಸಣ್ಣವನಿದ್ದಾಗಲೂ ಹಾಗೇ ಮಾಡುತ್ತಿದ್ದ.

ಮೇಲಿನವರು ವಿಚಾರಣೆಗೆ ಬಂದರು. ಪುಸ್ತಕ ತೋರಿಸಿದೆ. ಎಲ್ಲ ಸರಿಯಾಗಿತ್ತು. ಹವಾಮಾನ ಅಂತ ಬರೆದುಕೊಂಡು ಹೋದರು. ನಿಮ್ಮಮ್ಮ ಒಂದೇ ಸಲ ಕೇಳಿದಳು, "ಅಕ್ಕಾ, ಅವ್ರು ಮೂಟೆ ಹೊತ್ರಾ?" ಹೊತ್ತ ಅಂದೆ. ಆಮೇಲೆ ಹದಿನೇಳು ವರ್ಷ ಅದೇ ಕುರ್ಚಿಯಲ್ಲಿ ಕೂತು ಊರಿಗೆಲ್ಲ ಬೇಡ ಅಂದೆ. ಬಲು ಕಟ್ಟುನಿಟ್ಟಿನ ಹೆಂಗಸು ಅಂತ ಹೆಸರು ಬಂತು.

ನಿನ್ನ ಎದೆಯ ಸದ್ದು ಲಿಫ್ಟಿನ ಧೂಳಿನದಲ್ಲ. ಅದು ಎಲ್ಲಿಂದ ಬಂತು ಅಂತ ಈಗ ತಿಳಿಯಿತಲ್ಲ. ಅವನ ಎದೆಯೇ ನನ್ನದೂ ಅಂತ ನೀನು ಬರೆದಿದ್ದೆ. ಅದನ್ನು ಓದಿದಮೇಲೂ ನಾನು ಒಂದು ಕಾಗದ ಸುಳ್ಳೇ ಬರೆದೆ, ನಿನ್ನನ್ನು ಕಳೆದುಕೊಳ್ಳಬಾರದು ಅಂತ. ನನಗೆ ಇರುವುದು ನೀನೊಬ್ಬಳು. ಆದರೆ ನೀನು ನನ್ನ ಸಹಿ ನಂಬಿಕೊಂಡು ಮೇಲೆ ಹೋಗುವುದಕ್ಕಿಂತ ನನ್ನ ಮುಖ ನೋಡದೆ ಇರುವುದೇ ವಾಸಿ.

ಅತ್ತೆ

ಮೇ 2

ಸೂಜಿ,

ಉತ್ತರ ಬರಲಿಲ್ಲ. ಬರಲಿ ಅಂತ ಬರೆಯುತ್ತಿಲ್ಲ. ಡಾಕ್ಟರಿಗೆ ತೋರಿಸಿದೆಯಾ? ಅಷ್ಟು ಮಾತ್ರ. ಒಂದು ಖಾಲಿ ಕಾರ್ಡ್ ಹಾಕಿದರೂ ಸಾಕು, ತೋರಿಸಿದೆ ಅಂತ ತಿಳಿಯುತ್ತೇನೆ.

ಅತ್ತೆ

ಜುಲೈ 20

ಸೂಜಿ,

ಕಾರ್ಡ್ ಬರಲಿಲ್ಲ. ಅಂಚೆಯವನು ನನ್ನ ಬಾಗಿಲ ಹತ್ತಿರ ಬರುವಾಗ ಈಗ ತಲೆ ಬಗ್ಗಿಸಿಕೊಂಡು ಹೋಗುತ್ತಾನೆ, ಅವನದೇ ತಪ್ಪೇನೋ ಅನ್ನುವ ಹಾಗೆ. ಮೊನ್ನೆ ಕರೆದು, "ನಿನ್ ಮೇಲೆ ಸಿಟ್ಟಿಲ್ಲಪ್ಪಾ" ಅಂದೆ.

ನನ್ನ ಮೇಲೆ ನಿನಗೆ ಎಷ್ಟು ಸಿಟ್ಟಿದ್ದರೂ ಇರಲಿ. ಆ ಸಿಟ್ಟಿಗೆ ಕಣಿವೆ ಹತ್ತಬೇಡ. ಸಿಟ್ಟು ಹೊತ್ತವರು ಎರಡು ದಿನ ಚೆನ್ನಾಗಿ ನಡೆಯುತ್ತಾರೆ, ಮೂರನೇ ದಿನಕ್ಕೆ ಅದು ಬರುವುದಿಲ್ಲ. ಇದನ್ನು ಅತ್ತೆಯಾಗಿ ಹೇಳುತ್ತಿಲ್ಲ, ಕಚೇರಿಯವಳಾಗಿ ಹೇಳುತ್ತಿದ್ದೇನೆ.

ಅತ್ತೆ

ಸೆಪ್ಟೆಂಬರ್ 24

ಅತ್ತೆಯವರಿಗೆ,

ನಿಮ್ಮ ಮೂರೂ ಕಾಗದ ತಲುಪಿದವು. ಡಾಕ್ಟರಿಗೆ ಏಪ್ರಿಲ್‌ನಲ್ಲೇ ತೋರಿಸಿದೆ. ಉಬ್ಬಸ ಅಂದರು. ಬಾಯಿಗೆ ಹಿಡಿದು ಎಳೆಯುವ ಪಂಪು ಕೊಟ್ಟಿದ್ದಾರೆ, ಅದು ಯಾವಾಗಲೂ ಜೇಬಿನಲ್ಲಿರುತ್ತದೆ. ಕಣಿವೆಯ ತಂಡದಿಂದ ಹೆಸರು ತೆಗೆಸಲಿಲ್ಲ. ಕಚೇರಿಯ ತನಕ ಹೋಗಿ ನೋಡಬೇಕಿತ್ತು.

ಹತ್ತೊಂಬತ್ತನೇ ತಾರೀಕು ಬೆಳಗ್ಗೆ ಗುಮಾಸ್ತರು ನನಗೂ ಮೂಟೆ ಹೊರಿಸಿದರು. ಯಾರ ಮಗಳು ಅಂತ ಹೇಳಲಿಲ್ಲ. ಮೂರು ಸಲ ಹತ್ತಿ ಇಳಿದೆ. ಮನೆಗೆ ದಾರಿ ಹೇಳಿ ಅಂದರು. "ಬಸ್ ಸ್ಟ್ಯಾಂಡಿಂದ ಎಡಕ್ಕೆ ತಿರುಗಿ" ಅಂದೆ. ಮುಂದಿನ ಮಾತು ಬರಲಿಲ್ಲ. ಅವರು ಕಾದರು. ಆಮೇಲೆ "ಕಣಿವೆ ಬೇಡಮ್ಮ, ಏಣುದಾರಿ ಬರ್ಕೊಡ್ತೀನಿ, ಮಧ್ಯಾಹ್ನ ಒಂದು ತಂಡ ಹೋಗುತ್ತೆ" ಅಂದರು. ಮೂಟೆ ಇಳಿಸಲಿಕ್ಕೆ ಅವರೇ ಕೈ ಕೊಟ್ಟರು.

ಎಷ್ಟು ಸುಲಭವಾಗಿ ಹೇಳಿದರು ಅತ್ತೆ. ಒಂದು ನಿಮಿಷವೂ ಹಿಡಿಯಲಿಲ್ಲ. ಎಲ್ಲರೆದುರಿಗೆ ಹೇಳಿದರು. ನನಗೆ ಅವಮಾನವಾಯಿತು, ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು. ಅಷ್ಟೇ.

ಏಣುದಾರಿ ನನಗೆ ಸರಿಯಾಗಿತ್ತು. ಎರಡನೇ ದಿನ ಎರಡು ಸಲ ಪಂಪು ಬೇಕಾಯಿತು. ಅಲ್ಲಿಂದ ಕಣಿವೆ ಕಾಣುತ್ತದೆ. ಹತ್ತಿರವೇ ಇದೆ ಅನ್ನಿಸಿತು. ಅಪ್ಪನಿಗೂ ಹಾಗೇ ಅನ್ನಿಸಿರಬೇಕು.

ನೀವು ಬರೆಯದೆ ಇದ್ದಿದ್ದರೆ ಪರಿಚಯ ಹೇಳಿ ಕಣಿವೆಗೇ ಹೋಗುತ್ತಿದ್ದೆ. ಅದು ನನಗೆ ಗೊತ್ತಿದೆ. ಆದರೆ ಅಮ್ಮ ಇಪ್ಪತ್ತನಾಲ್ಕು ವರ್ಷ ಆ ಚೀಟಿ ಬಿಡಿಸಿ ಮಡಿಸಿದಳು. ಅವಳಿಗೆ ಹೇಳಲಿಕ್ಕೆ ನಿಮಗೆ ಇಪ್ಪತ್ತನಾಲ್ಕು ವರ್ಷ ಇತ್ತು. ಅದರ ಮುಂದೆ ನನಗೆ ಯೋಚನೆ ಹೋಗುವುದಿಲ್ಲ.

ವಾಪಸು ಬರುವಾಗ ಬಸ್ಸು ನಿಮ್ಮ ಮನೆಯ ಎದುರೇ ನಿಂತಿತು. ಡ್ರೈವರ್ ಟೀ ಕುಡಿಯಲು ಇಳಿದ. ಕಾಲು ಗಂಟೆಯಾದರೂ ಆಗಿರಬೇಕು. ನೀವು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಿರಿ. ನಾನು ಇಳಿಯಲಿಲ್ಲ. ಇದನ್ನು ಹೇಳದೆಯೂ ಇರಬಹುದಿತ್ತು. ಹೇಳದೆ ಇಡುವುದು ನಮ್ಮ ಮನೆಯಲ್ಲಿ ಇನ್ನು ಸಾಕು ಅನ್ನಿಸಿತು.

ನಿಮ್ಮ ತಮ್ಮನ ಮಗಳು

ಅಕ್ಟೋಬರ್ 3

ಸೂಜಿ,

ನೀನು ಸರಿಯಾದ ದಾರಿಯಲ್ಲಿ ಹೋಗಿ ಬಂದೆ. ಇಳಿದ ಮೇಲೆ ಒಂದು ವಾರ ತೊಡೆ ಹಿಡಿದುಕೊಂಡಿರುತ್ತದೆ, ಅಷ್ಟರೊಳಗೆ ಭಾರ ಎತ್ತಬೇಡ. ಪಂಪನ್ನು ಲಿಫ್ಟಿನ ಬಾವಿಗೆ ಇಳಿಯುವಾಗಲೂ ಜೇಬಿನಲ್ಲೇ ಇಟ್ಟುಕೋ. ಮುಂದೆ ಎಂದಾದರೂ ಬೆಟ್ಟ ಅನ್ನಿಸಿದರೆ ನನ್ನನ್ನು ಕೇಳಬೇಡ, ಆ ಗುಮಾಸ್ತನನ್ನು ಕೇಳು. ಅವನಿಗೆ ಕೆಲಸ ಬರುತ್ತದೆ.

ನಿನ್ನ ಕಾಗದ ಬಂದ ಮಾರನೇ ದಿನ ಕಚೇರಿಗೆ ಹೋಗಿದ್ದೆ. ಹಳೆಯ ಪುಸ್ತಕ ತೆಗೆಸಿದೆ. ಆ ಪುಟ ತೋರಿಸಿ ನಡೆದದ್ದು ಹೇಳಿದೆ. "ಇಪ್ಪತ್ತೈದು ವರ್ಷ ಆಯ್ತಲ್ಲಮ್ಮ, ಬಿಡಿ, ಯಾರು ನೋಡ್ತಾರೆ" ಅಂದ ಗುಮಾಸ್ತ. ಪೆನ್ನು ಕೊಡು ಅಂದೆ. ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ "ಮೂಟೆ ಹೊರಿಸಲಿಲ್ಲ" ಅಂತ ಬರೆದು ಸಹಿ ಮಾಡಿದೆ. ಅವನು ಎದ್ದು ನಿಂತುಕೊಂಡ. ನನಗೆ ಕೂರಿ ಅನ್ನಲಿಲ್ಲ. ಅದೂ ಸರಿಯೇ. ಮೇಲಿನವರಿಗೂ ಒಂದು ಕಾಗದ ಹಾಕಿದ್ದೇನೆ.

ನಿಮ್ಮಮ್ಮನ ವಿಷಯಕ್ಕೆ ಉತ್ತರ ಹುಡುಕಿ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನೀನು ಹೇಳದೆ ಇಡಲಿಲ್ಲ, ನಾನೂ ಇಡುವುದಿಲ್ಲ. ಬಸ್ಸಿನ ಎಡಗಡೆ, ಮೂರನೇ ಕಿಟಕಿ. ಕೂದಲು ಮೋಟಾಗಿ ಕತ್ತರಿಸಿಕೊಂಡಿದ್ದೀಯ. ನಿಲ್ಲುವ ಮೊದಲೇ ನೋಡಿದೆ. ಕರೆಯಲಿಕ್ಕೆ ಬಾಯಿ ತೆರೆದೆ, ಇಳಿಯುವುದಾದರೆ ನೀನಾಗಿ ಇಳಿಯಬೇಕು ಅಂತ ಮುಚ್ಚಿದೆ. ಬಕೆಟ್ಟಿನಲ್ಲಿದ್ದ ಬಟ್ಟೆ ಎರಡೇ. ಆಗಲೇ ಮುಗಿದಿತ್ತು. ಒಳಗೆ ಹೋದರೆ ನಿನಗೆ ಕಾಣುವುದಿಲ್ಲವಲ್ಲ, ಅದಕ್ಕೆ ಹರವಿದ್ದನ್ನೇ ತೆಗೆದು, ಕೊಡವಿ, ಮತ್ತೆ ಹರವಿದೆ. ಬಸ್ಸು ಹೊರಡುವ ತನಕ ಹರವುತ್ತಲೇ ಇದ್ದೆ.

ಅತ್ತೆ